ಖಾಲಿ ಪಂಜರ ವಾಪಸ್ ಕೊಡದವರು

ಅವರಿಗೆ ಪ್ರಾಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಚನ್ನಗಿರಿಯಲ್ಲಿ ಇವತ್ತಿಗೂ ಅವರ ಮಾತು ಬಂದರೆ ಜನ ‘ಮೂಕಪ್ರಾಣಿ ಅಂದ್ರೆ ಜೀವ ಬಿಡ್ತಿದ್ರು ಪುಣ್ಯಾತ್ಮ’ ಎಂದು ಲೊಚಗುಟ್ಟುತ್ತಾರೆ. ಹಕ್ಕಿ ಪ್ರಾಣಿ ಮಾರುವ ಅವರ ಅಂಗಡಿಯಲ್ಲಿ ನಿಜವಾಗಿ ಜೀವ ಬಿಟ್ಟವರು ಯಾರು ಅಂತ ಎದುರುಗಡೆ ಕೂತು ನೋಡಿದವಳು ನಾನು.

ಎಪ್ಪತ್ತರ ದಶಕದ ಮಧ್ಯದಿಂದ ಹತ್ತು ಹನ್ನೆರಡು ವರ್ಷ ಅವರ ಅಂಗಡಿಯೂ ನನ್ನ ಹೊಲಿಗೆ ಅಂಗಡಿಯೂ ಎದುರುಬದುರು ಇದ್ದವು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಬೀದಿ. ಮಿಷನ್ ತುಳಿಯುತ್ತ ತಲೆ ಎತ್ತಿದರೆ ನನಗೆ ಕಾಣುತ್ತಿದ್ದದ್ದು ಅವರ ಮುಖ, ಅದರ ಸುತ್ತ ತೂಗುಬಿಟ್ಟ ಪಂಜರಗಳು. ಹೆಸರು ಹೇಳುವುದಿಲ್ಲ, ಅವರ ಹೆಂಡತಿ ಇನ್ನೂ ಇದ್ದಾರೆ. ಊರು ಅವರನ್ನು ಗಿಣಿ ಅಣ್ಣಾರು ಅನ್ನುತ್ತಿತ್ತು. ಅವರು ನನ್ನನ್ನು ಟೈಲರ್ ಅಕ್ಕಾರು ಅನ್ನುತ್ತಿದ್ದರು. ವಯಸ್ಸಿನಲ್ಲಿ ನಾನು ಅವರಿಗಿಂತ ಚಿಕ್ಕವಳು, ಆದರೆ ಬಾಯಿ ದೊಡ್ಡದು ಅಂತ ಅಕ್ಕನ ಪಟ್ಟ ಕೊಟ್ಟಿದ್ದರು.

ತೆಳ್ಳಗಿನ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಮೊಲವನ್ನೋ ಲವ್‌ಬರ್ಡನ್ನೋ ಮುಟ್ಟಿದ ಕೂಡಲೇ ಅಂಗಡಿ ಹಿಂದೆ ಹೋಗಿ ಕೆಂಪು ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು. ಮನೆಯಲ್ಲಿ ಒಂದು ಬೆಕ್ಕೂ ಇಟ್ಟುಕೊಂಡಿರಲಿಲ್ಲ. ‘ಇಷ್ಟು ಜೀವದ ಮಧ್ಯ ಕುಂತಿರ್ತೀರಿ, ಒಂದನ್ನಾದ್ರೂ ಎತ್ತಿ ಮುದ್ದು ಮಾಡಿದ್ದು ನೋಡಿಲ್ಲಲ್ರೀ’ ಅಂತ ಒಮ್ಮೆ ಕೇಳಿದ್ದಕ್ಕೆ, ‘ಪ್ರೀತಿ ಮಾಡೋದು ಗಿರಾಕಿ ಕೆಲ್ಸ ಅಕ್ಕಾರೆ. ನಾನೂ ಮಾಡ್ಕಂತ ಕುಂತ್ರೆ ಮಾರೋರು ಯಾರು?’ ಅಂದರು. ಅದರಲ್ಲಿ ತಮಾಷೆ ಇರಲಿಲ್ಲ, ಅವರು ತಮಾಷೆಯ ಮನುಷ್ಯರೇ ಅಲ್ಲ.

ಆ ಕಾಲದಲ್ಲಿ ನಮ್ಮ ಕಡೆ ದುಡ್ಡು ಕೊಟ್ಟು ಪ್ರಾಣಿ ಕೊಳ್ಳುವುದೇ ನಗೆಪಾಟಲಿನ ವಿಷಯ. ನಾಯಿ ಬೇಕಾದರೆ ಬೀದಿಯಲ್ಲಿತ್ತು, ಗಿಣಿ ಬೇಕಾದರೆ ಮರದ ಮೇಲಿತ್ತು. ಅಂಥ ಊರಲ್ಲಿ ಅಂಗಡಿ ಇಟ್ಟ ಇವರು ಆರು ತಿಂಗಳಿಗೆ ಬಾಗಿಲು ಹಾಕುತ್ತಾರೆ ಅಂತ ಬೀದಿಯವರೆಲ್ಲ ಕಾಯುತ್ತಿದ್ದರು. ನಾನೂ ಕಾದಿದ್ದೆ, ಜಾಗ ಸಿಕ್ಕರೆ ಇನ್ನೊಂದು ಮಿಷನ್ ಹಾಕಬಹುದು ಅಂತ. ಆದರೆ ಒಂದು ಸಲ ಅವರ ಮೆಟ್ಟಿಲು ಹತ್ತಿದವರು ಮತ್ತೆ ಮತ್ತೆ ಹತ್ತುತ್ತಲೇ ಇದ್ದರು. ಹೊನ್ನಾಳಿಯಿಂದ, ನ್ಯಾಮತಿಯಿಂದ ಬಸ್ಸು ಹತ್ತಿ ಬರುತ್ತಿದ್ದರು.

ಅವರು ಮನುಷ್ಯರ ಹೆಸರು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಪ್ರಾಣಿಗಳ ಹೆಸರು ಒಂದನ್ನೂ ಮರೆಯುತ್ತಿರಲಿಲ್ಲ. ಯಾರೇ ಬಂದರೂ ‘ಏನು ಬೇಕು’ ಅನ್ನದೆ, ‘ಬರ್ರಿ ಬರ್ರಿ, ರಾಮು ಹೆಂಗದಾನೆ? ಉಗುರು ಬೆಳದಿರ್ಬೇಕಲ್ಲ, ಕರ್ಕಂಡು ಬರ್ರಿ’ ಅನ್ನುತ್ತಿದ್ದರು. ತಮ್ಮ ಅಂಗಡಿಯಿಂದ ಹೋದ ಗಿಣಿಗೆ ಜೀವಮಾನ ಪೂರ್ತಿ ರೆಕ್ಕೆ ಕತ್ತರಿಸುವುದು ಪುಕ್ಕಟೆ. ಕತ್ತರಿಸಿದ್ದು ನೋಡುವವರಿಗೆ ಗೊತ್ತಾಗಬಾರದು, ಹಕ್ಕಿಗೆ ಮಾತ್ರ ಗೊತ್ತಾಗಬೇಕು, ಅಷ್ಟು ನಾಜೂಕು. ‘ಹಾರಿಹೋದ ಗಿಣಿ ಹಿಂದೆ ಗಿರಾಕಿನೂ ಹಾರಿಹೋಗ್ತಾನೆ’ ಅಂತ ಅವರ ಲೆಕ್ಕಾಚಾರ.

ಕಾಳಿನ ವಿಷಯ ಇನ್ನೂ ಚೆನ್ನಾಗಿತ್ತು. ಸವಳಂಗದ ಕಡೆಯ ಕಾಡಿನಿಂದ ಕಣ್ಣು ಬಿಡದ ಗಿಣಿಮರಿಗಳು ಬುಟ್ಟಿಯಲ್ಲಿ ಬರುತ್ತಿದ್ದವು. ಅವಕ್ಕೆ ಮೊದಲ ತುತ್ತಿನಿಂದಲೇ ಬೆಲ್ಲದ ನೀರಲ್ಲಿ ನೆನೆಸಿ ಒಣಗಿಸಿದ ಕುಸುಬೆ ಕಾಳಿನ ರುಚಿ ಹತ್ತಿಸುತ್ತಿದ್ದರು. ಆ ರುಚಿ ಹತ್ತಿದ ಹಕ್ಕಿ ಬೇರೆ ಅಂಗಡಿಯ ಕಾಳಿಗೆ ಬಾಯಿ ಇಡುತ್ತಿರಲಿಲ್ಲ. ಹಸಿದು ಕಿರುಚಿ ಪುಕ್ಕ ಕೆದರಿ ಮುದುಡಿ ಕೂತರೆ ಮನೆಯವರು ಗಾಬರಿಬಿದ್ದು ಪಂಜರ ಹೊತ್ತು ಓಡಿಬರುತ್ತಿದ್ದರು. ಇವರು ಅಂಗೈಯಲ್ಲಿ ತಮ್ಮ ಕಾಳು ಹಿಡಿಯುವುದು, ಅದು ಗಬಗಬ ತಿನ್ನುವುದು. ‘ಎಂಥ ಕೈಗುಣ ಅಣ್ಣಾರೆ ನಿಮ್ದು!’ ಎಂದು ಗಿರಾಕಿ ಕಣ್ಣಲ್ಲಿ ನೀರು ತಂದುಕೊಳ್ಳುವುದು. ಆಮೇಲೆ ಇವರು ಹೋಗಿ ಕೈ ತೊಳೆಯುವುದು. ಈ ನಾಟಕ ನಾನು ಎಷ್ಟು ಸಲ ನೋಡಿದೆನೋ. ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ನಾಯಿಮರಿಗಳಿಗೆ ಬಿಳಿಚೋಡಿಗೆ ಹೋಗುತ್ತಿದ್ದರು. ಅಲ್ಲಿ ಕುರಿ ಕಾಯುವವರ ಹಟ್ಟಿಯಲ್ಲಿ ಮರಿಗಳಿಗೆ ಬರವಿರಲಿಲ್ಲ. ಸೋಪು ಹಾಕಿ ತೊಳೆದು, ಕೊರಳಿಗೆ ನನ್ನಿಂದ ಕೆಂಪು ಪಟ್ಟಿ ಹೊಲಿಸಿ ಕಟ್ಟಿದರೆ ಅದು ಜಾತಿ ನಾಯಿ. ಜಗಳೂರಿನ ಒಬ್ಬ ಸಾಹುಕಾರರು ಅಷ್ಟು ದೂರದಿಂದ ಬಂದು, ಆರಿಸಿ ಆರಿಸಿ ಒಂದನ್ನು ಎತ್ತಿಕೊಂಡರು. ಅದು ಮೂರು ದಿನದ ಹಿಂದೆ ಅವರ ತಾಲ್ಲೂಕಿನಿಂದಲೇ ಬಂದದ್ದು. ‘ಇದಕ್ಕೆ ನಿಮ್ ಕಡೆ ಹವಾ ಬಾಳ ಒಗ್ತತೆ, ಬರ್ದಿಟ್ಕಳ್ರಿ’ ಅಂದರು ಇವರು. ಒಗ್ಗದೆ ಏನು! ಆ ಸಾಹುಕಾರರು ಸಾಯುವ ತನಕ ಇವರ ಹೆಸರು ಹೇಳಿ ಗಿರಾಕಿಗಳನ್ನು ಕಳಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನೇಮ ಒಂದಿತ್ತು. ಮದುವೆಗೋ ಜಾತ್ರೆಗೋ ಹೋಗುವವರು ತಮ್ಮ ಪ್ರಾಣಿಯನ್ನು ಅವರ ಬಳಿ ಬಿಟ್ಟು ಹೋಗಬಹುದಿತ್ತು. ಬಿಟ್ಟ ಪ್ರಾಣಿ ಎಷ್ಟೋ ಸಲ ಸಾಯುತ್ತಿತ್ತು. ಆದರೆ ಅವರು ಒಬ್ಬರಿಗೂ ಖಾಲಿ ಪಂಜರ ವಾಪಸ್ ಕೊಟ್ಟವರಲ್ಲ. ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದನ್ನು ಹುಡುಕಿ ತಂದು, ಏನೂ ಆಗಿಲ್ಲವೆಂಬಂತೆ ಕೊಟ್ಟು ಕಳಿಸುತ್ತಿದ್ದರು. ‘ಸತ್ತ ಸುದ್ದಿ ಹೇಳಿದೋನ ಮುಖ ಜನ ಮರೆಯಲ್ಲ ಅಕ್ಕಾರೆ. ಆಮ್ಯಾಕೆ ಆ ಮುಖ ನೋಡಾಕೆ ಅವ್ರು ಬರಲ್ಲ’ ಅನ್ನುತ್ತಿದ್ದರು. ನ್ಯಾಮತಿಯ ಬಟ್ಟೆ ಅಂಗಡಿಯವರ ಮೊಲ ಹೀಗೆ ಎಷ್ಟು ಸಲ ಸತ್ತು ಹುಟ್ಟಿತೋ ನನಗೇ ಲೆಕ್ಕ ತಪ್ಪಿತು. ಕೊನೆಗೊಮ್ಮೆ ಆ ಗಂಡು ಮೊಲ ಮರಿ ಹಾಕಿತು. ಬಟ್ಟೆ ಅಂಗಡಿಯವರು ಬೆರಗಾಗಿ ಬಂದಾಗ ಇವರು, ‘ಮೊದ್ಲೇ ನೋಡಾಕೆ ನಾನೇ ತಪ್ಪಿದ್ದೆ, ಕ್ಷಮಿಸ್ರಿ’ ಎಂದು ಕೈ ಮುಗಿದರು. ತಪ್ಪು ಒಪ್ಪಿಕೊಂಡ ದೊಡ್ಡತನಕ್ಕೆ ಮೆಚ್ಚಿ ಅವರು ಅವತ್ತೇ ಒಂದು ಜೋಡಿ ಲವ್‌ಬರ್ಡ್ ಕೊಂಡುಕೊಂಡು ಹೋದರು.

ಇಷ್ಟೆಲ್ಲ ಹೇಳಿದ ಮೇಲೆ ಅವರ ಹೆಂಡತಿಯ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ದಿನಾ ಮಧ್ಯಾಹ್ನ ಆಕೆ ಊಟದ ಕ್ಯಾರಿಯರ್ ತರುತ್ತಿದ್ದರು. ಹೆಂಡತಿ ಬೀದಿ ತಿರುವಿನಲ್ಲಿ ಕಂಡ ಕೂಡಲೇ ಈ ಮನುಷ್ಯ ಎದ್ದು ನಿಲ್ಲುತ್ತಿದ್ದರು. ಸ್ಟೂಲು ಒರೆಸಿ, ‘ಬಿಸ್ಲಾಗೆ ಯಾಕೆ ಬಂದ್ರಿ, ಕುಂತ್ಕಳ್ರಿ’ ಅನ್ನುತ್ತಿದ್ದರು. ಹೆಂಡತಿಗೆ ಬಹುವಚನ ಹಚ್ಚುವ ಗಂಡಸು ನಮ್ಮ ಬೀದಿಯಲ್ಲಿ ಅವರೊಬ್ಬರೇ. ಗಂಡಸರು ಹಿಂದಿನಿಂದ ನಗುತ್ತಿದ್ದರು, ಹೆಂಗಸರು ಹೊಟ್ಟೆಕಿಚ್ಚುಪಡುತ್ತಿದ್ದರು. ಮಕ್ಕಳಿರಲಿಲ್ಲ. ಆಕೆ ಹರಕೆ ಹೊರದ ದೇವರಿರಲಿಲ್ಲ. ಒಮ್ಮೆ ಗಿರಾಕಿ ಹೆಂಗಸೊಬ್ಬಳು, ‘ಅಂಗ್ಡಿ ತುಂಬ ಮರಿ ಅದಾವೆ, ಮನ್ಯಾಗೊಂದು ಇಲ್ವಲ್ರೀ’ ಎಂದು ಹಲ್ಲು ಬಿಟ್ಟಳು. ಇವರು ಆಕೆ ಕೈಯಿಂದ ಪಂಜರ ಇಸಿದುಕೊಂಡು, ‘ನಿಮಗೆ ಕೊಡಾಕೆ ನನ್ ಹತ್ರ ಏನೂ ಇಲ್ಲ, ನಡೀರಿ’ ಅಂದರು. ಗಿರಾಕಿಯನ್ನು ಅವರು ಎದುರು ಹಾಕಿಕೊಂಡದ್ದು ನಾನು ನೋಡಿದ ಮಟ್ಟಿಗೆ ಅದೊಂದೇ ಸಲ.

ಇನ್ನು ಕೆರೆಬಿಳಚಿಯ ಶಾಂತಮ್ಮನವರ ಗಿಣಿಯ ಕಥೆ.

ಶಾಂತಮ್ಮ ನನ್ನ ಹಳೇ ಗಿರಾಕಿ. ಅವರ ಯಜಮಾನರು ಅಡಿಕೆ ವ್ಯಾಪಾರಿ, ಗಟ್ಟಿ ಗಂಟಲು. ಆತ ಬದುಕಿದ್ದಾಗ ಗಿಣಿ ಅಣ್ಣಾರ ಅಂಗಡಿಯಿಂದ ಒಂದು ಗಿಣಿ ಒಯ್ದಿದ್ದ. ಅದಕ್ಕೆ ಯಾರೂ ಕೂತು ಮಾತು ಕಲಿಸಲಿಲ್ಲ. ಮನೆಯಲ್ಲಿ ದಿನಬೆಳಗಾದರೆ ಕೇಳುತ್ತಿದ್ದ ಮಾತನ್ನು ತಾನೇ ಕಲಿತುಕೊಂಡಿತು. ‘ಏ ಗೊಡ್ಡೀ! ಎಲ್ಲಿ ಸತ್ತೀ? ನೀರು ತಾ!’ ಶಾಂತಮ್ಮನಿಗೂ ಮಕ್ಕಳಾಗಿರಲಿಲ್ಲ. ಆತ ಸತ್ತ. ಮಾತು ಪಂಜರದಲ್ಲಿ ಉಳಿಯಿತು, ಆತನದೇ ದನಿ, ಆತನದೇ ಗದರಿಕೆ. ಮೈದುನ ದಿನಾ ಬಂದು ಗಿಣಿಯ ಮುಂದೆ ಕೈ ಮುಗಿದು, ‘ಅಣ್ಣ ಎಲ್ಲೂ ಹೋಗಿಲ್ಲ ಅತ್ಗೆ, ಇಲ್ಲೇ ಅದಾನೆ’ ಅನ್ನುತ್ತಿದ್ದ. ಬಂದ ನೆಂಟರೆಲ್ಲ ಪಡಸಾಲೆಯಲ್ಲಿ ಕೂತು, ಅದು ಗೊಡ್ಡೀ ಅನ್ನುವವರೆಗೆ ಕಾದು, ಅಂದಮೇಲೆ ಅತ್ತು ಹೋಗುತ್ತಿದ್ದರು. ‘ಗಂಡನ ದನಿ ಮನ್ಯಾಗೆ ಉಳದೈತೆ, ಪುಣ್ಯವಂತೆ ನೀನು’ ಅಂತ ಆಕೆಗೇ ಹೇಳುತ್ತಿದ್ದರು.

ಬಿಟ್ಟುಬಿಡೋಣವೆಂದರೆ ರೆಕ್ಕೆ ಕತ್ತರಿಸಿದ ಹಕ್ಕಿ, ಬೆಕ್ಕಿನ ಬಾಯಿಗೆ ಹೋಗಿ ಆ ಪಾಪ ತನಗೆ ಸುತ್ತಿಕೊಳ್ಳುತ್ತದೆ. ಕೊಟ್ಟುಬಿಡೋಣವೆಂದರೆ ಮೈದುನ ಬಿಡುವುದಿಲ್ಲ. ಅದಕ್ಕೇ ಒಂದು ವರ್ಷ ಮಳೆಗಾಲದ ಮೊದಲು, ಹೊನ್ನಾಳಿಯ ತಮ್ಮನ ಮನೆಗೆ ಹೋಗುತ್ತೇನೆಂದು ಗಿಣಿಯನ್ನು ತಂದು ಅಣ್ಣಾರ ಅಂಗಡಿಯಲ್ಲಿ ಬಿಟ್ಟರು. ಅಲ್ಲಿ ಬಿಟ್ಟ ಪ್ರಾಣಿಗಳು ಸಾಯುತ್ತವೆ ಅಂತ, ಅಂಗಡಿ ಹಿಂದೆ ಸತ್ತವನ್ನು ಹೂಳುವುದು ಕಂಡವರಿಂದ ಕೇಳಿದ್ದರು. ಸತ್ತರೆ ಇನ್ನೊಂದನ್ನು ಇಟ್ಟು ಕೊಡುತ್ತಾರೆ ಅನ್ನುವುದನ್ನು ಕೇಳಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ಪಂಜರ ಕೊಟ್ಟು ಹೋಗುವಾಗ ಆಕೆ ಒಂದು ಸಲವೂ ತಿರುಗಿ ನೋಡಲಿಲ್ಲ ಅನ್ನುವುದಷ್ಟೇ ಕಂಡಿತ್ತು.

ಗಿಣಿ ಆಕೆಯ ಆಸೆ ನಡೆಸಿಕೊಟ್ಟಿತು. ಜಡಿಮಳೆಯ ವಾರ ಭೇದಿ ಹಿಡಿದು ಸತ್ತಿತು. ಅಣ್ಣಾರು ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತರು. ಗಿಣಿಗೆ ಗಿಣಿ ತರಬಹುದು, ಆ ಮಾತು ಎಲ್ಲಿಂದ ತರುವುದು? ಮೂರನೇ ದಿನ ಒಂದು ಮರಿಗಿಣಿ ಆರಿಸಿಟ್ಟು ನನ್ನ ಹತ್ತಿರ ಬಂದು, ಅದರ ಪಂಜರಕ್ಕೆ ಒಳಗೆ ಕರಿ ಅಸ್ತರು ಕೊಟ್ಟ ದಪ್ಪ ಬಟ್ಟೆಯ ಗವಸೊಂದು ಹೊಲಿಸಿಕೊಂಡರು. ಮಾತು ಕಲಿಸುವಾಗ ಹಕ್ಕಿಯನ್ನು ಕತ್ತಲಲ್ಲಿಡಬೇಕಂತೆ. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಎದುರಂಗಡಿಯಿಂದ ದನಿ ಬಂತು.

‘ಏ ಗೊಡ್ಡೀ... ಎಲ್ಲಿ ಸತ್ತೀರಿ? ನೀರು ತರ್ರಿ.’

ನಾನು ಬಿದ್ದು ಬಿದ್ದು ನಕ್ಕೆ. ಬೈಯುವುದಕ್ಕೂ ಬರದ ಮನುಷ್ಯ! ‘ಅಣ್ಣಾರೆ, ಹಂಗೆ ಬೈದ್ರೆ ಗಿಣಿ ನಿಮಗೆ ನಮಸ್ಕಾರ ಮಾಡ್ತತೆ ಅಷ್ಟೇ’ ಎಂದೆ. ಅವರು ನಾಚಿಕೊಂಡರು. ‘ಏನ್ ಮಾಡ್ಲಿ ಅಕ್ಕಾರೆ, ನಾಲಿಗೆ ತಿರುಗ್ತಿಲ್ಲ. ಆದ್ರೆ ಆ ಅಮ್ಮಾರು ಗಂಡನ್ನ ಕಳಕಂಡೋರು. ಈ ದನಿನೂ ಹೋಯ್ತು ಅಂತ ಹೆಂಗೆ ಹೇಳ್ಲಿ?’ ಇಷ್ಟು ಮಾತ್ರ ಅವರ ಪರವಾಗಿ ಹೇಳಬೇಕು. ಆಕೆ ಗಿಣಿಯನ್ನು ಪ್ರಾಣದಂತೆ ಪ್ರೀತಿಸುತ್ತಾಳೆ ಅಂತ ಅವರು ನಿಜವಾಗಿ ನಂಬಿದ್ದರು. ಅಷ್ಟು ವರ್ಷ ವಾರ ತಪ್ಪದೆ ಬಂದು ಕಾಳು ಒಯ್ದವಳಲ್ಲವೇ? ಭಯಕ್ಕೂ ಜನ ವಾರ ತಪ್ಪದೆ ಬರುತ್ತಾರೆ ಅನ್ನುವುದು ಅವರ ವ್ಯಾಪಾರದ ಬುದ್ಧಿಗೆ ಹೊಳೆದಿರಲಿಲ್ಲ.

ದಿನಾ ಬೆಳಿಗ್ಗೆ ಗವಸಿನ ಹತ್ತಿರ ಬಾಯಿಟ್ಟು ಬೈಯುತ್ತಿದ್ದರು. ಮಧ್ಯಾಹ್ನ ಹೆಂಡತಿ ಕಾಣಿಸಿದರೆ ಬಾಯಿ ಮುಚ್ಚುತ್ತಿದ್ದರು. ಬಹುವಚನ ಹೋಗಿ ಏಕವಚನ ಬಂತು, ಆದರೂ ಮಾತಿಗೆ ಕಾವು ಇರಲಿಲ್ಲ. ಮರಿಗಿಣಿ ಸುಮ್ಮನೆ ಕೂತಿರುತ್ತಿತ್ತು.

ಹೀಗಿರುವಾಗ ಒಂದು ದಿನ ಅವರ ಸ್ವಂತ ಅಣ್ಣ ಊರಿಂದ ಬಂದು ಅಂಗಡಿ ಮುಂದೆ ನಿಂತು ಕೂಗಾಡಿದ. ‘ವಂಶ ನಿಂತು ಹೋಗ್ತತೆ. ಇನ್ನೊಂದು ಮದ್ವಿ ಆಗು ಅಂದ್ರೆ ಕಿವಿಗೇ ಹಾಕ್ಕಣಲ್ಲ. ಆ ಗೊಡ್ಡಿನ್ನ ಕಟ್ಕಂಡು ಏನು ಸಾಧಿಸ್ತೀ?’ ಬೀದಿಯೆಲ್ಲ ಕೇಳಿತು. ಇವರು ಕಾಳು ಕೇರುತ್ತಲೇ ಇದ್ದರು. ಅಣ್ಣ ಉಗಿದು ಬಸ್ಸಿಗೆ ಹೋದ.

ಮರುದಿನ ಬೆಳಿಗ್ಗೆ ಎದುರಿನಿಂದ ‘ಏ ಗೊಡ್ಡೀ!’ ಅಂತ ಬಂದ ದನಿಗೆ ನನ್ನ ಕಾಲು ಮಿಷನ್ ಮೇಲೆಯೇ ನಿಂತಿತು. ಯಾರೋ ಬೇರೆ ಗಂಡಸು ಬಂದಿದ್ದಾನೆ ಅಂದುಕೊಂಡೆ. ಎದ್ದು ನೋಡಿದರೆ ಅವರೇ. ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಕೆಂಪಗಿತ್ತು. ಅಣ್ಣನ ಮೇಲಿನ ಸಿಟ್ಟೋ, ದೇವರ ಮೇಲಿನದೋ, ಇನ್ನಾರ ಮೇಲಿನದೋ ನನಗೆ ಗೊತ್ತಿಲ್ಲ. ಗಿಣಿ ಆ ವಾರದಲ್ಲೇ ಮಾತು ಹಿಡಿಯಿತು.

ಮಳೆಗಾಲ ಮುಗಿದ ಮೇಲೆ ಶಾಂತಮ್ಮ ಬಂದರು. ಮೊದಲು ನನ್ನ ಅಂಗಡಿಗೇ ಬಂದರು. ಹೊನ್ನಾಳಿಯಲ್ಲಿ ಮೈಕೈ ತುಂಬಿಕೊಂಡಿದ್ದರು. ನೀಲಿ ಬಣ್ಣದ ಕುಪ್ಪಸದ ಬಟ್ಟೆ ತಂದಿದ್ದರು. ಗಂಡ ಸತ್ತ ಮೇಲೆ ಆಕೆ ಬಣ್ಣದ ಬಟ್ಟೆ ತಂದದ್ದು ಅದೇ ಮೊದಲು. ಅಳತೆ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳಿದರು.

‘ಈ ಬೀದ್ಯಾಗೆ ಬೆಕ್ಕು ಬಾಳ ಆಗ್ಯಾವಂತಲ್ಲ, ಹೌದೇನವ್ವಾ?’

‘ಅದಾವೆ ಎರಡು ಮೂರು. ಯಾಕ್ರಿ?’

‘ಮಳೆ ಬ್ಯಾರೆ ಈ ವರ್ಷ ಜೋರು. ಪಾಪ, ಹಕ್ಕಿಪಕ್ಷಿಗಳು ತಡಕಂತಾವಾ?’

ಆಗ ನನಗೆ ಅರ್ಥವಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರಂಗಡಿಯಿಂದ ಬಂತು, ‘ಏ ಗೊಡ್ಡೀ! ಎಲ್ಲಿ ಸತ್ತೀ? ನೀರು ತಾ!’ ನನ್ನ ಟೇಪು ಆಕೆಯ ತೋಳಿನ ಸುತ್ತ ಇತ್ತು. ತೋಳು ಮರಗಟ್ಟಿದ್ದು ನನ್ನ ಬೆರಳಿಗೆ ತಿಳಿಯಿತು.

ಅಣ್ಣಾರು ಆಗಲೇ ಪಂಜರ ಹಿಡಿದುಕೊಂಡು ಬೀದಿ ದಾಟಿ ಬಂದರು. ಮುಖದಲ್ಲಿ ಮಗನನ್ನು ಪಾಸು ಮಾಡಿಸಿದ ಸಂಭ್ರಮ. ಶಾಂತಮ್ಮ ಗಿಣಿಯನ್ನು ನೋಡಿ, ‘ಇದು ಅದಲ್ಲ’ ಅಂದರು. ಇವರು ತಲೆ ತಗ್ಗಿಸಿದರು. ಜೀವನದಲ್ಲಿ ಮೊದಲ ಸಲ ಗಿರಾಕಿಗೆ ನಿಜ ಹೇಳಿದರು. ‘ಹೌದು ಅಮ್ಮಾರೆ. ಅದು ಮಳೆಗಾಲದಾಗೆ ಹೋಯ್ತು. ಆದ್ರೆ ಯಜಮಾನ್ರ ಮಾತು ಹೋಗಾಕೆ ನಾನು ಬಿಡ್ಲಿಲ್ಲ. ನಿಮ್ಮ ಮೈದುನಾರಿಗೂ ಗೊತ್ತಾಗಲ್ಲ. ಒಂದು ಪೈಸಾ ಬ್ಯಾಡ. ಅದಾದ್ರೆ ಬೆಳ್ದಿದ್ದು, ಇದು ಮರಿ ನೋಡ್ರಿ. ನಿಮ್ಮ ಕೊನೇ ಉಸಿರಿನ ತನಕ ಇರ್ತತೆ.’

ಶಾಂತಮ್ಮ ಅವರ ಮುಖ ನೋಡಿದರು. ಆ ಮುಖ ಎಷ್ಟು ಒಳ್ಳೆಯದಾಗಿತ್ತೆಂದರೆ, ಅದರ ಮುಂದೆ ‘ಇದು ಸಾಯಲಿ ಅಂತಲೇ ಬಿಟ್ಟು ಹೋಗಿದ್ದೆ’ ಅನ್ನಲು ಯಾವ ಹೆಂಗಸಿಗೂ ಬಾಯಿ ಬರುತ್ತಿರಲಿಲ್ಲ. ‘ಬಾಳ ಉಪಕಾರ ಆತು’ ಅಂದು ಪಂಜರ ತೆಗೆದುಕೊಂಡರು. ನೀಲಿ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಕುಪ್ಪಸ ಹೊಲಿಸಲಿಲ್ಲ.

ಅಲ್ಲಿಂದ ಮುಂದೆ ವಾರ ತಪ್ಪದೆ ಬಂದರು. ಉಪಕಾರದ ಭಾರ ಬೇರೆ ಸೇರಿತ್ತಲ್ಲ. ಅಣ್ಣಾರು ಹೊಸ ಗಿರಾಕಿಗಳಿಗೆ ಆಕೆಯನ್ನು ತೋರಿಸಿ, ‘ಕೆರೆಬಿಳಚಿ ಅಮ್ಮಾರ್ನ ಕೇಳ್ರಿ, ನಮ್ ಅಂಗ್ಡಿ ಎಂಥದು ಅಂತ’ ಅನ್ನುತ್ತಿದ್ದರು. ಆಕೆ ‘ಹೌದು, ಇವ್ರಂಥೋರು ಸಿಗಲ್ಲ’ ಅನ್ನುತ್ತಿದ್ದರು. ಒಮ್ಮೆ ನನ್ನ ಹತ್ತಿರ ಕೂತು ಅತ್ತರು. ‘ನನ್ನ ಗಂಡ ಬೈಯುವಾಗ ನಡುನಡುವೆ ಕೆಮ್ಮಾದ್ರೂ ಬರ್ತಿತ್ತವ್ವಾ. ಈ ಗಿಣಿಗೆ ಅದೂ ಇಲ್ಲ’ ಅಂದರು. ನಾನು ಸೂಜಿಗೆ ದಾರ ಪೋಣಿಸಿದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಬಿಳಿಚೋಡಿನಿಂದ ಮರಿಗಳ ಬುಟ್ಟಿ ಹೊತ್ತು ಬರುವಾಗ ಜಗಳೂರಿನ ಬಸ್‌ಸ್ಟಾಂಡಿನಲ್ಲಿ ಅಣ್ಣಾರಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು. ಹೆಣದ ಜೊತೆ ಬುಟ್ಟಿಯೂ ಬಂತು, ಮರಿಗಳು ಕುಂಯ್‌ಗುಡುತ್ತಿದ್ದವು. ಮಣ್ಣಿಗೆ ಬಂದ ಗಿರಾಕಿಗಳಲ್ಲಿ ಒಬ್ಬ, ತಾನು ಹೇಳಿಟ್ಟ ಮರಿ ಇದರಲ್ಲಿ ಯಾವುದು ಅಂತ ಕೇಳಿದ. ಇನ್ನೊಬ್ಬ, ಆ ಕಾಳು ಇನ್ನು ಎಲ್ಲಿ ಸಿಗುತ್ತದೆ ಅಂತ ಅವರ ಹೆಂಡತಿಯನ್ನೇ ಕೇಳಿದ. ನನಗೆ ಚಪ್ಪಲಿ ತೆಗೆದುಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಆ ತಿಂಗಳು ಸುತ್ತಲ ತಾಲ್ಲೂಕುಗಳಲ್ಲಿ ಅವರ ಗಿಣಿಗಳು ಕಾಳು ಬಿಟ್ಟವು. ಬೇರೆ ಅಂಗಡಿಯ ಕಾಳು ತಿನ್ನದೆ ಸೊರಗಿದವು, ಎಷ್ಟೋ ಸತ್ತವು. ‘ನೋಡ್ರಿ, ಅಣ್ಣಾರು ಹೋದ್ರು ಅಂತ ಹಕ್ಕಿಗಳೂ ಅನ್ನ ನೀರು ಬಿಟ್ಟಾವೆ’ ಎಂದು ಜನ ಊರೂರಲ್ಲಿ ಮಾತಾಡಿಕೊಂಡರು. ಅವರು ಪುಣ್ಯಾತ್ಮರಾದದ್ದು ಹೀಗೆ. ಬೆಲ್ಲದ ನೀರಿನ ವಿಷಯ ನಾನು ಹೇಳಿದರೆ ಯಾರು ನಂಬುತ್ತಾರೆ? ಶಾಂತಮ್ಮನ ಗಿಣಿ ಮಾತ್ರ ಮೊಂಡು. ಮೈದುನನ ಹೆಂಡತಿ ಅನ್ನ ಕಲಸಿ ಹಾಕಿದರೂ ತಿಂದು ಗಟ್ಟಿಯಾಗಿ ಉಳಿಯಿತು.

ಒಂದು ಮಧ್ಯಾಹ್ನ, ಕ್ಯಾರಿಯರ್ ತರುತ್ತಿದ್ದ ಅದೇ ಹೊತ್ತಿಗೆ, ಅಣ್ಣಾರ ಹೆಂಡತಿ ನನ್ನ ಅಂಗಡಿಗೆ ಬಂದರು. ಮುಚ್ಚಿದ ಎದುರು ಬಾಗಿಲನ್ನೇ ನೋಡುತ್ತ ಕೂತರು.

‘ಅಕ್ಕಾ, ಅವ್ರ ಮುಖ ಕಣ್ಮುಂದೆ ಐತೆ. ದನಿ ಮಾತ್ರ ಮರ್ತು ಹೋಗ್ತಾ ಐತೆ. ನಿನ್ನೆ ನೆನಸ್ಕಣಾಕೆ ಕುಂತ್ರೆ ಬರ್ಲೇ ಇಲ್ಲ. ಕೆರೆಬಿಳಚಿ ಅಮ್ಮಾರ ಗಿಣಿಗೆ ಕಲಿಸ್ದೋನು ನಾನೇ ಅಂತ ಅವ್ರೇ ಒಂದಿನ ಹೇಳಿದ್ರು.’

‘ಅದು ಮಾತಾಡಲ್ಲ ತಂಗೀ, ಬೈತತೆ.’

‘ಗೊತ್ತು. ಏನಂತ ಬೈತತೆ ಅನ್ನೋದೂ ಊರೋರ ಬಾಯಾಗೆ ಕೇಳೀನಿ. ಬೈಲಿ ಬಿಡಕ್ಕಾ.’

‘ಬ್ಯಾಡ’ ಎಂದು ನಾನು ಎರಡು ದಿನ ಹೇಳಿದೆ. ಮೂರನೇ ದಿನ ಒಬ್ಬಳೇ ಹೊರಟು ನಿಂತಾಗ ಜೊತೆಗೆ ಹೋದೆ.

ಶಾಂತಮ್ಮ ವಿಷಯ ಕೇಳಿದ್ದೇ ತಡ, ಎದ್ದು ಹೋಗಿ ಪಂಜರ ಇಳಿಸಿದರು. ಪಡಸಾಲೆಯಲ್ಲಿದ್ದ ಮೈದುನ, ‘ಅಣ್ಣನ ದನಿ ಅತ್ಗೆ ಅದು!’ ಎಂದು ಎದ್ದು ನಿಂತ. ‘ನಿಮ್ಮಣ್ಣನ ಗಿಣಿ ಸತ್ತು ಯಾವ ಕಾಲ ಆತು ಮೈದುನಾರೆ. ಇದು ಇವ್ರ ಯಜಮಾನ್ರ ದನಿ. ಇಷ್ಟು ದಿನ ನೀವು ಕೈ ಮುಗ್ದದ್ದು ಗಿಣಿ ಅಂಗ್ಡಿ ಅಣ್ಣಾರಿಗೆ’ ಅಂದರು ಆಕೆ. ಅಣ್ಣಾರು ಬದುಕಿರುವತನಕ ಅವರ ಮುಖ ನೋಡಿ ಹೇಳಲಾಗದೆ ನುಂಗಿದ ಮಾತು. ಮೈದುನ ಬೆಪ್ಪಾಗಿ ನಿಂತ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

‘ನಿಮಗೆ ಬೇಜಾರಾಗಲ್ವಾ ಅಮ್ಮಾರೆ?’ ಎಂದು ಅಣ್ಣಾರ ಹೆಂಡತಿ ಕೇಳಿದರು. ಶಾಂತಮ್ಮ ಪಂಜರದ ಚಿಲಕ ಭದ್ರಪಡಿಸಿದರು. ಸಂತೋಷ ಅಡಗಿಸಿಕೊಳ್ಳಲು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. ಆ ಮಾತು ದಿನಾ ಬೆಳಿಗ್ಗೆ ಮಕ್ಕಳಿಲ್ಲದವಳ ಎದೆಗೆ ಹೇಗೆ ಇರಿಯುತ್ತದೆ ಅಂತ ಭೂಮಿಯ ಮೇಲೆ ಗೊತ್ತಿದ್ದವರು ಆಕೆಯೊಬ್ಬರೇ. ‘ಆಗ್ತತೆ ತಾಯಿ. ಆದ್ರೂ ನಿಮ್ಮದು ನಿಮಗೇ ಸೇರ್ಬೇಕು’ ಅಂದು ಪಂಜರ ಕೈಗಿಟ್ಟರು. ನಾವು ಅಂಗಳ ದಾಟುವ ಮೊದಲೇ ಬಾಗಿಲು ಹಾಕಿಕೊಂಡರು. ಆಕೆಯನ್ನು ನಾನು ಬೈದುಕೊಂಡಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಕೆಲವು ವಾರ ಬಿಟ್ಟು ಅವರ ಮನೆಗೆ ಹೋದೆ. ಪಂಜರವನ್ನು ಅಣ್ಣಾರು ಕೂರುತ್ತಿದ್ದ ಕುರ್ಚಿಯ ಪಕ್ಕಕ್ಕೆ ತೂಗುಹಾಕಿದ್ದರು. ಆಕೆ ಅರ್ಧಕ್ಕೆ ಇಳಿದಿದ್ದರು. ಟೀ ಕೊಟ್ಟು ಎದುರು ಕೂತು ಕೇಳಿದರು.

‘ಅವ್ರು ನಂಗೆ ಒಂದಿನ ಏಕವಚನ ಅಂದೋರಲ್ಲ ಅಕ್ಕಾ. ಮದ್ವಿ ಆದಾಗಿಂದ ಒಂದು ಬೈಗುಳ ಇಲ್ಲ. ಈ ದನ್ಯಾಗೆ ಇಷ್ಟು ಸಿಟ್ಟು ಎಲ್ಲಿಂದ ಬಂತು? ಬರೇ ಒಬ್ಬ ಗಿರಾಕಿನ್ನ ಉಳಸ್ಕಣಾಕೆ ಇಷ್ಟು ಸಿಟ್ಟು ಬರ್ತತಾ?’

ನರ ಉಬ್ಬಿದ ಆ ಕುತ್ತಿಗೆ ನನ್ನ ಕಣ್ಣ ಮುಂದೆ ಬಂತು. ‘ವ್ಯಾಪಾರ ಕಣಮ್ಮಾ ಅದು’ ಎಂದೆ. ‘ಗಿರಾಕಿಗೋಸ್ಕರ ಅವ್ರು ಏನು ಬೇಕಾದ್ರೂ ಮಾಡ್ತಿದ್ರು. ನಾನು ಎದ್ರಿಗೇ ಕುಂತಿದ್ದೆ, ನಂಗೊತ್ತಿಲ್ವಾ?’

‘ನಾನೂ ಹಂಗೇ ಅನ್ಕಂತೀನಿ’ ಅಂದರು ಆಕೆ. ‘ಬೆಳಿಗ್ಗೆ ತನಕ ಅನ್ಕಂತೀನಿ. ಬೆಳಿಗ್ಗೆ ಇದು ಕೂಗ್ತತೆ.’

ಯಾರಿಗಾದರೂ ಕೊಟ್ಟುಬಿಡು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅದು ಕತ್ತು ಕೊಂಕಿಸಿ, ಸತ್ತ ಮನುಷ್ಯನ ದನಿಯಲ್ಲಿ ಮನೆ ತುಂಬ ಗದರಿಸಿತು.

‘ಏ ಗೊಡ್ಡೀ! ಎಲ್ಲಿ ಸತ್ತೀ? ನೀರು ತಾ!’

‘ಬಂದೇರೀ’ ಎಂದು ಆಕೆ ಸೆರಗು ಸರಿಮಾಡಿಕೊಂಡು ಎದ್ದರು. ನೀರಿನ ಲೋಟ ಹಿಡಿದು, ಬಿಸಿಲಲ್ಲಿ ಅಂಗಡಿಗೆ ಬರುತ್ತಿದ್ದಾಗಿನಷ್ಟೇ ಅವಸರದಲ್ಲಿ ಪಂಜರದ ಕಡೆ ನಡೆದರು.